ಕುದುರೆಯ ಕತ್ತಿನ ನಂಬರು

ಪಕ್ಕದ ಬೀದಿಯಲ್ಲಿ ಎರಡು ಕುದುರೆ ಕಳುವಾದ ಮೇಲೆ ದ್ಯಾವಮ್ಮ ತನ್ನ ಕಪ್ಪು ಕುದುರೆಗೆ ನಂಬರು ಹಾಕಿಸಲು ದನದ ಡಾಕ್ಟರನ್ನು ಕರೆಸಿದಳು. ಗಂಡ ಸತ್ತು ಒಂದು ತಿಂಗಳಾಗಿತ್ತು. ಅವನು ಬಿಟ್ಟುಹೋದ ಆ ಕುದುರೆ ಮತ್ತು ಟಾಂಗಾದಿಂದಲೇ ಅವಳ ಒಲೆ ಉರಿಯಬೇಕಿತ್ತು.

“ನನ್ನ ಮಗೀನ ಸುಡ್ತೀಯೇನಪ್ಪಾ?”

“ಸುಡಲ್ಲ ಅಜ್ಜಿ. ಕತ್ತಿನ ಹತ್ರ ಕೂದಲು ಕತ್ತರಿಸಿ, ಐಸಿಗಿಂತ ತಣ್ಣಗಿರೋ ಅಚ್ಚು ಒತ್ತುತೀನಿ. ಆಮೇಲೆ ಅಲ್ಲಿ ನಂಬರಿನ ಆಕಾರಕ್ಕೇ ಬಿಳಿ ಕೂದಲು ಬೆಳೆಯುತ್ತೆ. ಕದ್ದು ಎಲ್ಲಿ ಮಾರಿದ್ರೂ, ನಂಬರು ನೋಡಿ ಮಾಲೀಕರಿಗೆ ವಾಪಸ್ ಕೊಡಿಸ್ತಾರೆ.”

“ಬಿಳಿ ಕೂದಲಾ? ನಮ್ಮ ಯಜಮಾನ್ರನ್ನ ಕೇಳಿದ್ರೆ ಮೂಟೆಗಟ್ಲೆ ಕೊಡೋರು!” ದ್ಯಾವಮ್ಮ ನಕ್ಕಳು. “ಊರಿನ ಕೊಕ್ಕರೆಯೆಲ್ಲ ಕಾಗೆಯಾಗೋಷ್ಟು ಕಪ್ಪು ಬಣ್ಣ ತರೋರು, ತಿಂಗಳು ತಿಂಗಳೂ. ತಲೆ ಮಾತ್ರ ಚಟ್ಟ ಏರೋವರೆಗೂ ಹತ್ತಿ ಹತ್ತಿ. ಯಾವಳ ಜಡೆಗೆ ಬಳಿದ್ರೋ, ಶಿವನೇ ಬಲ್ಲ.”

ಡಾಕ್ಟರೂ ನಕ್ಕರು. “ಕುದುರೆ ಎಲ್ಲಿಂದ ತಂದಿದ್ರು?”

“ದೂರದ ಸಂತೆಯಿಂದ. ಲಕ್ಷ ಕುದುರೆ ನೋಡಿ ಆರಿಸಿದ್ರಂತೆ. ಇನ್ನೊಬ್ರ ಹುಲ್ಲುಕಡ್ಡೀನೂ ಮುಟ್ಟಿದೋರಲ್ಲ ನಮ್ಮೋರು. ಕಳ್ಳರು ಅಂದ್ರೆ ಉರಿದು ಬೀಳೋರು.”

ಡಾಕ್ಟರು ಕತ್ತಿನ ಉದ್ದ ಕೂದಲನ್ನು ಆಚೆ ಸರಿಸಿ, ಅದರ ಕೆಳಗೆ ಕೂದಲು ಕತ್ತರಿಸುವ ಯಂತ್ರ ಆಡಿಸಿದರು. ಸ್ವಲ್ಪ ಹೊತ್ತಿಗೆ ಅವರ ಕೈ ನಿಂತಿತು.

“ಯಾಕಪ್ಪಾ ನಿಂತೆ? ಹಾಕು ನಂಬರು.”

ಕಪ್ಪು ಕೂದಲು ಉದುರಿದ ಜಾಗದಲ್ಲಿ, ಬುಡದಿಂದ ಬೆಳ್ಳಗೆ, ನಾಲ್ಕು ಅಂಕಿಗಳು ಆಗಲೇ ಇದ್ದವು.