ಒಂಬತ್ತು ಸಾವಿರದ ತಾಯಿತ

ಅಕ್ಕಿ ಡಬ್ಬಿಯ ತಳದವರೆಗೆ ಕೈ ಹೋಯಿತು. ಹಣವಿರಲಿಲ್ಲ. ಹುಲಿಗೆಪ್ಪ ಡಬ್ಬಿಯನ್ನೇ ನೆಲಕ್ಕೆ ಸುರಿದ. ಅಕ್ಕಿ, ನಾಲ್ಕು ಒಣಗಿದ ಬೇವಿನೆಲೆ. ಅಷ್ಟೆ.

"ಎಲ್ಲಿ ಹೋತಬೇ ರೊಕ್ಕ? ಒಂಬತ್ತು ಸಾವಿರ ಇತ್ತು."

ಹೆಂಡತಿ ಬಾಲಮ್ಮ ಒಲೆಯ ಮುಂದಿನಿಂದ ತಿರುಗಲಿಲ್ಲ. "ಪ್ರಿಯಾಗ ತಾಯಿತ ಮಾಡಿಸೀನಿ."

"ಊರಾಗ ಹುಲಿಗೆಮ್ಮನ ಗುಡಿ ಮುಂದ ಐವತ್ತು ರೂಪಾಯಿಗೆ ಕಟ್ತಾರ. ಇದೇನು ಬಂಗಾರದ್ದೇನು?"

"ತಾಮ್ರದ್ದು."

ಮಗಳು ಪ್ರಿಯದರ್ಶಿನಿ ಹೊಸ ಸೂಟ್‌ಕೇಸಿನ ಮೇಲೆ ಕೂತಿದ್ದಳು. ರಟ್ಟೆಯಲ್ಲಿ ಕಪ್ಪು ದಾರ, ಬೆರಳುದ್ದದ ಕೊಳವೆ, ಎರಡೂ ಬಾಯಿಗೆ ಕೆಂಪು ಅರಗು. ಮರುದಿನ ಅವಳು ಮಸ್ಕತ್ತಿಗೆ ಹೊರಡಬೇಕಿತ್ತು. ಮನೆಗೆಲಸ, ಎರಡು ವರ್ಷ.

ಆ ಒಂಬತ್ತು ಸಾವಿರ ಅವಳಿಗೆಂದೇ ಇಟ್ಟದ್ದು. ಡಾಲರ್ ಮಾಡಿಸಿ ಕಳಿಸುವುದು ಹುಲಿಗೆಪ್ಪನ ಯೋಚನೆಯಾಗಿತ್ತು. ಅದನ್ನು ಕೇಳಲೆಂದೇ ಅವನು ಕಮ್ಮನಹಳ್ಳಿಯ ಬೇಕರಿ ಮೇಲಿದ್ದ ಏಜೆಂಟ್ ನರೇಶನ ಆಫೀಸಿಗೆ ಹೋಗಿದ್ದ. "ಲಂಗದ ಅಂಚಿಗೆ ಹೊಲಿದು ಕೊಡ್ಲೇನ್ರಿ ಸಾರ್?"

ನರೇಶ್ ನಕ್ಕಿದ್ದ. "ಯಾವ ಕಾಲದಲ್ಲಿದ್ದೀರಾ ಯಜಮಾನ್ರೇ? ಕ್ಯಾಶ್ ಬೇಡ. ಕಳ್ಳರು, ಕಸ್ಟಮ್ಸು, ನೂರೆಂಟು ರಗಳೆ. ಅಲ್ಲಿ ಹೋದ ತಕ್ಷಣ ಕಾರ್ಡ್ ಕೊಡ್ತಾರೆ. ಸಂಬಳ ಅದಕ್ಕೇ ಬೀಳುತ್ತೆ."

ಕಾರ್ಡ್ ಎಂಬ ಮಾತು ಹುಲಿಗೆಪ್ಪನಿಗೆ ಹಿಡಿಸಿತು. ಕುಕ್ ಟೌನಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕಾವಲು ಕೂತು ಎಂಟು ವರ್ಷ ನೋಡಿದ್ದ. ದೊಡ್ಡವರು ನೋಟು ಎಣಿಸುವುದಿಲ್ಲ.

ಬಾಲಮ್ಮನಿಗೆ ಹಿಡಿಸಲಿಲ್ಲ. ಮಸ್ಕತ್ತಿನ ಅಂಥದೇ ಮನೆಗೆಲಸದಿಂದ ಎರಡು ವರ್ಷದ ಹಿಂದೆ ತಿರುಗಿ ಬಂದ ಮೆಹ್ವಿಶ್ ಅವರ ವಠಾರದಲ್ಲೇ ಇದ್ದಳು. ನಲ್ಲಿಯ ಹತ್ತಿರ ಬಾಲಮ್ಮ ಅವಳನ್ನು ಹಿಡಿದು ಕೇಳಿದಳು.

"ಹೊಲಿಗೆ ಎಲ್ಲಾ ಬಿಚ್ಚಿ ನೋಡ್ತಾರೆ ಅಕ್ಕಾ. ಚಪ್ಪಲಿ ಸಹ ಬಿಡಲ್ಲ. ಎರಡು ಏಟು ಬಿದ್ರೆ ಹುಡುಗಿಗೆ ಗೊತ್ತಿರೋದೆಲ್ಲಾ ಬಾಯಿಗೆ ಬಂದ್ಬಿಡುತ್ತೆ. ನಂಗೂ ಬಂತು."

ಹಾಗೆ ಕೇಳಿದ ಮರುದಿನ ಬಾಲಮ್ಮ, ಮೆಹ್ವಿಶ್ ಇಬ್ಬರೂ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗಿದ್ದರು. ಸಂಜೆ ಬಾಲಮ್ಮ ತಾಯಿತ ತಂದಿದ್ದಳು.

ಕಟ್ಟುವಾಗ ಮಗಳ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡಳು. "ಆಣಿ ಮಾಡು. ಯಾರು ಹೇಳಿದ್ರೂ ಬಿಚ್ಚಂಗಿಲ್ಲ. ಬಿಚ್ಚಿದ್ರ ಶಕ್ತಿ ಹೋಗ್ತೈತಿ. ಭಾಳ ಕಷ್ಟ ಬಂತಂದ್ರ ನನಗ ಫೋನ್ ಹಚ್ಚು. ಒಂದು ಮಂತ್ರ ಹೇಳ್ತೀನಿ."

"ಈಗ ಹೇಳಬೇ ಯವ್ವಾ."

"ಈಗ ಹೇಳೋದಲ್ಲ ಅದು."

ಪ್ರಿಯದರ್ಶಿನಿ ಆಣೆ ಮಾಡಿದಳು. ಅಮ್ಮನ ತಲೆ ಮುಟ್ಟಿ ಆಡಿದ ಮಾತನ್ನು ಅವಳು ಮುರಿದವಳಲ್ಲ.

ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲು ನರೇಶನ ಆಫೀಸಿನ ಹೆಂಗಸು ಅವಳನ್ನು ಒಳಗೆ ಕರೆದಳು. ಲಂಗದ ಅಂಚನ್ನು ಬ್ಲೇಡಿನಿಂದ ಸೀಳಿ ನೋಡಿದಳು. ಏನೂ ಇರಲಿಲ್ಲ. ರಟ್ಟೆಯ ಕಡೆ ಕಣ್ಣು ಹಾಯಿಸಿ ಬಾಗಿಲಾಚೆಗೆ ಕೂಗಿದಳು: "ತಾಯಿತ ಐತೆ ಸಾರ್."

"ಇರ್ಲಿ ಬಿಡು. ಅವರಿಗೂ ದೇವರು ಬೇಕಲ್ವಾ?"

ಮೊದಲ ವಾರ ಒಂದು ಫೋನ್ ಬಂತು. ಆಮೇಲೆ ಅವಳ ನಂಬರ್ ಸತ್ತಿತು.

ಮನೆಗೆ ಇದ್ದದ್ದು ಒಂದೇ ಫೋನು, ಅದು ಹುಲಿಗೆಪ್ಪನ ಜೇಬಿನಲ್ಲಿ. ಮೂರನೇ ತಿಂಗಳು ಬೆಳಿಗ್ಗೆ ಹನ್ನೊಂದಕ್ಕೆ, ಅವನು ಗೇಟಿನಲ್ಲಿದ್ದಾಗ, ಗುರುತಿಲ್ಲದ ನಂಬರಿನಿಂದ ಕರೆ ಬಂತು.

"ಯಪ್ಪಾ, ಯವ್ವನ ಕೈಯಾಗ ಕೊಡು. ಲಗೂನ."

"ಕೆಲಸಕ್ಕ ಹೋಗ್ಯಾಳ. ಏನಾತು?"

"ಮಂತ್ರ ಕೇಳಬೇಕು. ಬಾಗಿಲಾ ತೆರದೈತಿ, ಅವರು ಯಾರೂ ಇಲ್ಲ. ನಾ ಹೊಂಟೀನಿ ಯಪ್ಪಾ, ನನ್ನ ಕೈಲಿ ಇರಾಕ ಆಗೂದಿಲ್ಲ."

"ಕಾರ್ಡ್ ಐತಲ್ಲ? ರೊಕ್ಕ ತಗಿ, ಗಾಡಿ ಮಾಡ್ಕೊ."

"ಕಾರ್ಡ್ ಅವರ ಹತ್ರಾನ ಐತಿ. ಒಂದಿನಾನೂ ನಾ ಅದರ ಮಾರಿ ನೋಡಿಲ್ಲ. ಯವ್ವನ ಕರಿ."

ಬಾಲಮ್ಮ ಕೆಲಸ ಮಾಡುತ್ತಿದ್ದ ಬಂಗಲೆ ಎರಡು ರಸ್ತೆ ಆಚೆಗಿತ್ತು. ಆದರೆ ಹುಲಿಗೆಪ್ಪನಿಗೆ ಅಕ್ಕಿ ಡಬ್ಬಿ ನೆನಪಾಯಿತು. "ಮಂತ್ರ ಅಂತ ಮಂತ್ರ! ಆ ದರಿದ್ರ ತಾಯಿತ ಮೊದಲ ಕಿತ್ತು ಒಗಿ!"

"ಆಣಿ ಮಾಡೀನಿ ಯಪ್ಪಾ..."

ಲೈನು ಕಡಿಯಿತು.

ಸಂಜೆ ಮನೆಯಲ್ಲಿ ಅವನು ಇದನ್ನೆಲ್ಲ ಹೇಳಿದ. ಬಾಲಮ್ಮ ಅವನ ಜೇಬಿಗೆ ಕೈ ಹಾಕಿ ಫೋನ್ ಕಿತ್ತುಕೊಂಡಳು. ಅದೇ ನಂಬರಿಗೆ ಬ್ಯಾಟರಿ ಸಾಯುವವರೆಗೆ ಒತ್ತಿದಳು. ಯಾರೂ ಎತ್ತಲಿಲ್ಲ.

"ಅಂಥಾದ್ದೇನಿತ್ತು ಆ ಮಂತ್ರದಾಗ?" ಅವನು ಕೇಳಿದ.

ಅವಳು ಫೋನನ್ನು ಚಾರ್ಜಿಗೆ ಹಚ್ಚಿ ಮತ್ತೆ ಅದೇ ನಂಬರು ಒತ್ತಿದಳು.

ಹತ್ತೊಂಬತ್ತನೇ ದಿನ ಪೆಟ್ಟಿಗೆ ಬಂತು. ಜೊತೆಗೊಂದು ಪತ್ರ. ಮೆಹ್ವಿಶ್ ಓದಿ ಹೇಳಿದಳು. ಆ ಮನೆಯಿಂದ ರಾಯಭಾರ ಕಚೇರಿಗೆ ಮೂವತ್ತೆರಡು ಕಿಲೋಮೀಟರ್; ನಡೆದೇ ಹೊರಟಿದ್ದಳು. ಟ್ಯಾಕ್ಸಿಯೊಂದು ನಿಂತಿತ್ತು; ಹುಡುಗಿಯ ಹತ್ತಿರ ದುಡ್ಡಿಲ್ಲ ಎಂದು ತಿಳಿದು ಹೊರಟುಹೋಯಿತು. ಹೆದ್ದಾರಿ ಬದಿ, ಮಧ್ಯಾಹ್ನ, ಬಿಸಿಲಿನ ಹೊಡೆತ. ಓದಿ ಮುಗಿಸಿ ಮೆಹ್ವಿಶ್ ಬಾಲಮ್ಮನ ಮುಖ ನೋಡಲಾಗದೆ ಎದ್ದು ಹೋದಳು.

ಕಲ್ಪಳ್ಳಿಯಲ್ಲಿ ಮಣ್ಣು ಮಾಡಿ ಬಂದ ಮೇಲೆ ಹುಲಿಗೆಪ್ಪ ಪೆಟ್ಟಿಗೆಯ ಜೊತೆ ಬಂದಿದ್ದ ಪ್ಲಾಸ್ಟಿಕ್ ಚೀಲ ಬಿಚ್ಚಿದ. ಒಂದು ಜೊತೆ ಬಟ್ಟೆ. ಬಾಚಣಿಗೆ. ಸವೆದ ಚಪ್ಪಲಿ. ತಾಯಿತ, ಎರಡೂ ಬಾಯಿಯ ಅರಗು ಹಾಗೇ ಇತ್ತು.

"ನೋಡು," ಎಂದ. "ನಿನ್ನ ಒಂಬತ್ತು ಸಾವಿರ. ಒಂದು ಗಾಡಿ ನಿಲ್ಲಿಸೋ ಶಕ್ತಿ ಇರಲಿಲ್ಲ ಇದಕ್ಕ."

ಗುಂಡುಕಲ್ಲು ಎತ್ತಿಕೊಂಡ.

ಬಾಲಮ್ಮ ಅವನ ಕೈ ಹಿಡಿದಳು. "ಒಡಿಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ನಿಮ್ಮ ಸಲುವಾಗಿ ಹೇಳಾಕತ್ತೀನಿ, ಒಡಿಬ್ಯಾಡ್ರಿ."

ಅವನು ಕೊಡವಿ ಬಿಡಿಸಿಕೊಂಡ. ಕಲ್ಲು ಬಿತ್ತು.

ಅರಗು ಸಿಡಿಯಿತು. ಕೊಳವೆಯಿಂದ ನೂರು ಡಾಲರಿನ ನೋಟೊಂದು ಹೊರಗೆ ಜಾರಿ, ನೆಲದ ಮೇಲೆ ಮೆಲ್ಲಗೆ ಸುರುಳಿ ಬಿಚ್ಚಿಕೊಂಡಿತು.