ಗೇಟಿನ ಎದುರಿನ ಗರ್ದಿ

ಗೇಟು ಮುಚ್ಚಿತ್ತು. ದಿಗಂಬರ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಔಷಧಿ ಕಾರ್ಖಾನೆಯ ಗೇಟು ಹಗಲಲ್ಲೂ ಮುಚ್ಚಿಯೇ ಇರಬೇಕು. ಅವನು ನೋಡಬಂದದ್ದು ಗೇಟನ್ನಲ್ಲ, ಜನರನ್ನು. ಜನ ಇದ್ದರು. ಎದುರಿನ ಚಹಾದಂಗಡಿಯ ಬೆಂಚುಗಳು ತುಂಬಿ, ಬೇವಿನ ಮರದ ಕೆಳಗೂ ಗರ್ದಿಯಾಗಿತ್ತು.

ಆ ಕಂಪನಿಯ ಶೇರು ಇಡೀ ವರ್ಷದಲ್ಲೇ ಅತಿ ಕಡಿಮೆ ದರಕ್ಕೆ ಇಳಿದಿತ್ತು. ಹುಮನಾಬಾದಿನ ಕಾರ್ಖಾನೆ ಬಂದಾಗಿದೆ ಎಂಬ ಗಾಳಿಸುದ್ದಿಯೇ ಕಾರಣ. ಕಂಪನಿಯವರು ಅಲ್ಲಗಳೆದಿದ್ದರು. ದಿಗಂಬರನಿಗೆ ಇಂಥ ಶೇರೇ ಬೇಕು. ಬಸವಕಲ್ಯಾಣದ ತನ್ನ ಅರಿವೆ ಅಂಗಡಿಯನ್ನು ಅವನು ಬೆಳೆಸಿದ್ದೇ ಹಾಗೆ: ಲಗ್ನದ ಸೀಸನ್ ಮುಗಿದು, ಸೀರೆಗಳನ್ನು ಯಾರೂ ಮೂಸಿ ನೋಡದ ಹೊತ್ತಿನಲ್ಲಿ ಖರೀದಿಸಿ. ಶೇರು ಬೇರೆಯೇನು? ಜನ ಹೆದರಿ ಬಿಸಾಡಿದಾಗ ಎತ್ತಿಕೊಳ್ಳಬೇಕು.

ಹಣ ಮಾತ್ರ ಹೆಂಡತಿಯದು. ಮುಡಬಿಯಲ್ಲಿ ತವರಿನವರು ಕೊಟ್ಟ ಹೊಲವನ್ನು ಶಕುಂತಲಾಬಾಯಿ ಮನಸ್ಸಿಲ್ಲದ ಮನಸ್ಸಿನಿಂದ ಮಾರಿದ್ದಳು. ಹೊರಡುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ್ದಳು.

“ಮೊಬೈಲ್ ನೋಡಿ ಹಾಕಬ್ಯಾಡ್ರಿ. ಹೋಗಿ ಕಣ್ಣಿಲೆ ನೋಡ್ರಿ. ಮಂದಿ ಬರಾಕತ್ತಿದ್ರ ಹಾಕ್ರಿ, ಇಲ್ಲಂದ್ರ ಸುಮ್ನ ತಿರುಗಿ ಬರ್ರಿ.”

ಚಹಾದಂಗಡಿಯ ಅಜೀಮುದ್ದೀನನಿಗೆ ತಲೆ ಎತ್ತಲೂ ಪುರುಸೊತ್ತಿರಲಿಲ್ಲ.

“ಧಂಧೆ ಜೋರ್ ಅದಲ್ರಿ,” ಎಂದ ದಿಗಂಬರ.

“ಈಗ ಎರಡು ತಿಂಗಳಿಂದ ಹಿಂಗೇ ನೋಡ್ರಿ. ಮೊದಲು ಇಷ್ಟು ಮಂದಿ ಬರ್ತಿದ್ದಿಲ್ಲ.”

ದಿಗಂಬರನ ಎದೆ ಹಗುರಾಯಿತು. ಬಂದಾಗುವುದಿರಲಿ, ಕೆಲಸ ಹೆಚ್ಚಾಗಿದೆ! ಪಕ್ಕದಲ್ಲಿ ಇಸ್ತ್ರಿ ಅಂಗಿಯವನೊಬ್ಬ ಕೂತಿದ್ದ. ಅಶೋಕಕುಮಾರ ಎಂದು ಹೆಸರು ಹೇಳಿಕೊಂಡ. ಆಫೀಸಿನವನಿರಬೇಕು.

“ನೀವು ಇದೇ ಕಂಪನಿಯಾಗ ಅದೀರೇನ್ರಿ?”

“ಹೌದ್ರಿ, ಎರಡು ವರ್ಷ ಆತು. ಹೋದ ವರ್ಷ ಬೋನಸ್ ಕೊಟ್ರು, ಆ ಖುಷಿಗೇ ಉಳಕೊಂಡೀನಿ.”

“ಬಿಡೋ ವಿಚಾರ ಏನರೆ?”

“ಮುಂಜಾನೆ ತನಕ ಇತ್ರಿ. ಇಲ್ಲಿ ಬಂದು ಇಷ್ಟು ಮಂದಿ ನೋಡಿದ ಮ್ಯಾಲೆ ಧೈರ್ಯ ಬಂತು. ನೀವು?”

“ನಾ ಇವತ್ತ ಒಳಗ ಬರಾಕತ್ತೇನಿ,” ಎಂದು ದಿಗಂಬರ ನಕ್ಕ.

“ಛಲೋ ಮಾಡಿದ್ರಿ.”

ಇನ್ನೇನು ಬೇಕು? ದಿಗಂಬರ ಮರದ ನೆರಳಿಗೆ ಹೋಗಿ ಮೊಬೈಲ್ ತೆಗೆದ. ಹೊಲದ ಹಣವೆಲ್ಲವನ್ನೂ ಒಂದೇ ಸಲಕ್ಕೆ ಹಾಕಿದ. ನೋಡುನೋಡುತ್ತಿದ್ದಂತೆಯೇ ದರ ತುಸು ಮೇಲೆದ್ದು ಹಸಿರಾಯಿತು. ಸುತ್ತಲಿದ್ದವರೂ ತಂತಮ್ಮ ಮೊಬೈಲ್ ನೋಡಿ ನಗುತ್ತಿದ್ದರು. ಇಂಥ ಸಂತೃಪ್ತ ಕೆಲಸಗಾರರನ್ನು ಅವನು ಎಲ್ಲೂ ಕಂಡಿರಲಿಲ್ಲ.

ಹೆಂಡತಿಗೆ ಫೋನ್ ಹಚ್ಚಿದ. “ಹಾಕಿದೆ ನೋಡು. ಇಲ್ಲಿ ಕಾಲಿಡಾಕ ಜಾಗಾ ಇಲ್ಲ, ಅಷ್ಟು ಮಂದಿ.”

“ನೀವ ಕಣ್ಣಿಲೆ ನೋಡಿರಲ್ಲ, ಸಾಕು ಬಿಡ್ರಿ,” ಎಂದಳು ಶಕುಂತಲಾಬಾಯಿ. ಅವಳ ದನಿಯಲ್ಲಿ ಎಷ್ಟೋ ದಿನಗಳ ಮೇಲೆ ನೆಮ್ಮದಿ ಕೇಳಿಸಿತು.

ಆ ಖುಷಿಯಲ್ಲೇ ದಿಗಂಬರ ಇನ್ನೊಂದು ಚಹಾ ಹೇಳಿದ. ಮಧ್ಯಾಹ್ನ ಇಳಿಯುತ್ತಿತ್ತು. ಯಾರೂ ಒಳಗೆ ಹೋಗಲಿಲ್ಲ, ಒಳಗಿನಿಂದ ಯಾರೂ ಬರಲಿಲ್ಲ.

“ಎರಡನೇ ಪಾಳಿ ಎಷ್ಟೊತ್ತಿಗೆ ಶುರು ಆಗ್ತದ್ರಿ? ಇವರೆಲ್ಲ ಆಗಿಂದ ಹೊರಗೇ ಕುಂತಾರಲ್ಲ.”

ಅಜೀಮುದ್ದೀನ್ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದ.

“ಯಾವ ಪಾಳಿ, ಸಾವಕಾರ್ರ? ಕೆಲಸದವರು ಗಂಟುಮೂಟೆ ಕಟ್ಟಿ ಎರಡು ತಿಂಗಳಾತು. ಇವರೆಲ್ಲ ನಿಮ್ಮಂಗ ಶೇರಿನವರು, ಕಾರ್ಖಾನಿ ನಡೀತದೇನಂತ ನೋಡಾಕ ಬರ್ತಾರ, ಒಬ್ಬರನ್ನೊಬ್ಬರು ನೋಡಿ ಖುಷಿಲೆ ಹೋಗ್ತಾರ.”