ಬೆಳಕಿಂಡಿಯ ಕೆಳಗಿನ ಜಾಗ

ಮಧ್ಯಾಹ್ನ ತುಸು ಜೊಂಪು ಹತ್ತಿದ್ದ ಕಲ್ಲಣ್ಣನ ಹೆಬ್ಬೆರಳಿಗೆ ಏನೋ ತಾಗಿತು. ಕಣ್ಣು ತೆರೆದರೆ, ಎದುರುಮನೆಯ ಅಮೋಗಸಿದ್ಧ ಅವನ ಕಾಲ ಬಳಿ ಹಗ್ಗ ಹಿಡಿದು ಕೂತಿದ್ದ. ಹಗ್ಗದ ಇನ್ನೊಂದು ತುದಿ ಕಲ್ಲಣ್ಣನ ನೆತ್ತಿಯ ಹತ್ತಿರವಿತ್ತು. ಅದನ್ನು ಹಿಡಿದವಳು ಪಕ್ಕದ ಮನೆಯ ಮುದುಕಿ ಸೋನಾಬಾಯಿ.

“ಏನ್ ನಡಿಸೀರಿ?”

“ಏನಿಲ್ಲರಿ ಕಾಕಾ,” ಅಂದ ಅಮೋಗಸಿದ್ಧ. “ಹಗ್ಗ ಎಷ್ಟುದ್ದ ಐತಿ ಅಂತ ನೋಡಾಕತ್ತೀವ್ರಿ.”

“ಹಗ್ಗ ನೋಡಾಕ ನಾನೇ ಬೇಕೇನು?”

“ಓಣ್ಯಾಗ ನಿಮ್ಮಷ್ಟು ಉದ್ದ ಮತ್ಯಾರದಾರ್ರಿ?”

ಹಗ್ಗ ಸುತ್ತಿಕೊಂಡು ಇಬ್ಬರೂ ಹೋದರು. ಕಲ್ಲಣ್ಣ ಎದ್ದು ಕೂತ.

ಆ ಬೇಸಿಗೆಯಲ್ಲಿ ಬೋರಿ ಹೊಳೆಯ ದಂಡೆಯ ಒಣಹುಲ್ಲಿಗೆ ಬಿದ್ದ ಬೆಂಕಿ, ಗಾಳಿ ಹಿಡಿದು ಕುರನೂರಿನ ಅವರ ಓಣಿಗೆ ನುಗ್ಗಿತ್ತು. ಜೋಳದ ಕಣಿಕೆ ಹೊದಿಸಿದ ಮನೆಗಳೆಲ್ಲ ಸಂಜೆಯೊಳಗೆ ಬೂದಿ. ಪುಣ್ಯಕ್ಕೆ ಜನ, ದನ ಉಳಿದವು. ಮಣ್ಣಿನ ಮಾಳಿಗೆಯಿದ್ದ ಕಲ್ಲಣ್ಣನ ಮನೆ ಮಾತ್ರ ಮೈಗೆಲ್ಲ ಮಸಿ ಬಳಿದುಕೊಂಡು ನಿಂತಿತ್ತು. ದೊಡ್ಡ ಮನೆ. ಮಕ್ಕಳಿಲ್ಲ, ಗಂಡ ಹೆಂಡತಿ ಇಬ್ಬರೇ. ಅಂದು ಕಲ್ಲಣ್ಣ ಬಾಗಿಲಲ್ಲಿ ನಿಂತು, ಕಣ್ಣೊರೆಸಿಕೊಂಡು, “ಬರ್ರಿ, ಇದು ನಿಮ್ಮ ಮನೀನ ಅಂತ ತಿಳೀರಿ” ಅಂದಿದ್ದ.

ತಿಳಿದರು.

ಅಮೋಗಸಿದ್ಧನ ಕುರಿಮರಿಗಳು ದೇವರ ಕೋಣೆಯ ಹೊಸ್ತಿಲಲ್ಲಿ ಮಲಗತೊಡಗಿದವು. ಸೋನಾಬಾಯಿ ಪಡಸಾಲೆಯಲ್ಲಿ ಬೆಳಕಿಂಡಿಯ ಕೆಳಗೆ ಕೌದಿ ಹಾಸಿದಳು. ಅದು ಕಲ್ಲಣ್ಣನ ಜಾಗ. ಹುಟ್ಟಿದಾಗಿನಿಂದ ಅವನು ಮಲಗಿದ್ದು ಅಲ್ಲೇ. ಬೇರೆಲ್ಲೂ ನಿದ್ದೆ ಹತ್ತದೆಂದು, ಮಾವನ ಮನೆಗೆ ಹೋದರೂ ಊಟ ಮುಗಿಸಿ ಗಾಡಿ ಕಟ್ಟುತ್ತಿದ್ದ. ಈಗ ಅವನು ಮಲಗುವ ಹೊರಸು ದನದ ಕೊಟ್ಟಿಗೆಯಲ್ಲಿತ್ತು. ಎಮ್ಮೆ ಸುಮ್ಮನೆ ನಾಲಿಗೆ ಚಾಚಿದರೂ ಅವನ ಕಿವಿ ಸಿಗುತ್ತಿತ್ತು. ಎದುರಾದವರಿಗೆಲ್ಲ ಅವನದು ಒಂದೇ ಮಾತು: “ನಿದ್ದಿಲ್ಲೋ.”

ಹಗ್ಗದವರು ಅತ್ತ ಹೋದದ್ದೇ, ಹೆಂಡತಿ ಗುರುಲಿಂಗಮ್ಮನನ್ನು ಹಿತ್ತಲಿಗೆ ಕರೆದ. “ಇವತ್ತು ನನ್ನ ಅಳತಿ ತಗೊಂಡಾರ. ಹೆಣದ ಅಳತಿ! ನಾ ಹೋದರ ಮನಿ ತಮಗಽ ಅಂತ ಕಾಯಾಕತ್ತಾರ.”

“ಸತ್ತವರನ್ನ ನಮ್ಮ ಮಂದಿ ಕುಂದರಿಸಿ ಮಣ್ಣು ಕೊಡ್ತಾರ. ಉದ್ದಳತಿ ಯಾತಕ್ಕ ಬೇಕ್ರಿ?”

ಅದೂ ಖರೆ ಅನ್ನಿಸಿತು. ಮತ್ತೆ ಯಾತಕ್ಕೆ ಎಂದು ಕೇಳುವಷ್ಟರಲ್ಲಿ ಆಕೆ ಒಳಗೆ ಹೋಗಿಯಾಗಿತ್ತು. ಅಡುಗೆಮನೆಯಲ್ಲಿ ಓಣಿಯ ಹೆಂಗಸರೆಲ್ಲ ಕೂಡಿ ರೊಟ್ಟಿ ಬಡಿಯುತ್ತಿದ್ದರು. ಇಷ್ಟು ವರ್ಷ ಒಂದೇ ಜೊತೆ ಬಳೆಯ ಸದ್ದಿದ್ದ ಆ ಕೋಣೆಯಿಂದ ಗುರುಲಿಂಗಮ್ಮನ ನಗು ಕೇಳಿಸಿತು.

ನಾಲ್ಕಾರು ದಿನ ಕಳೆದ ಮೇಲೆ ಓಣಿಯ ತುದಿಯ ಸುಟ್ಟ ಜಾಗದಲ್ಲಿ ಗಂಡಸರು ಮಣ್ಣು ತುಳಿಯುತ್ತಿದ್ದುದು ಕಂಡು ಕಲ್ಲಣ್ಣ ಓಡಿದ.

“ಮನಿ ಕಟ್ಟಾಕತ್ತೀರೇನು?”

“ಹೌದ್ರಿ ಕಾಕಾ,” ಅಂದ ಅಮೋಗಸಿದ್ಧ. “ಮಿರಗದ ಮಳಿ ಬರೂದರಾಗ ಎಲ್ಲಾ ಮನಿ ಆಗಾಂಗಿಲ್ಲ. ಒಂದಾರ ಎಬ್ಬಸೂಣು ಅಂತ.”

“ಮೊದಲನೇದು ಯಾರಿಗೆ?”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಎಲ್ಲಾರಕಿಂತ ಹೆಚ್ಚು ತ್ರಾಸಿನ್ಯಾಗ ಯಾರದಾರ, ಅವರಿಗ್ರಿ.”

ಸೋನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಲ್ಲಣ್ಣನಿಗೆ ತಿಳಿಯಿತು. ಗಂಡನಿಲ್ಲ, ಮಕ್ಕಳಿಲ್ಲ, ಆಕೆಗೇ ಮೊದಲು. ಆಕೆ ಹೋದರೆ ಬೆಳಕಿಂಡಿಯ ಕೆಳಗಿನ ಜಾಗ ತೆರವು.

ಮೇಲಂತಸ್ತು ಏರಿಸಲೆಂದು ಸೊಲ್ಲಾಪುರದಿಂದ ಗಾಡಿಯ ಮೇಲೆ ತಂದಿಟ್ಟಿದ್ದ ರಂಗೂನಿನ ಸಾಗವಾನಿ ತೊಲೆಗಳನ್ನು ಅಂದೇ ಕೊಟ್ಟುಬಿಟ್ಟ. ಅಕ್ಕಲಕೋಟದ ಅರಸರ ವಾಡೆಗೂ ಇಂಥವು ಇಲ್ಲವೆಂದು ಅವನು ಹೇಳಿಕೊಳ್ಳುತ್ತಿದ್ದ ತೊಲೆಗಳವು. “ಮ್ಯಾಲ ಕಣಿಕಿ ಬ್ಯಾಡ, ಮಣ್ಣ ಹಾಕ್ರಿ. ಮತ್ತ ಬೆಂಕಿ ಬಂದರ ಮುದುಕಿ ಎಲ್ಲಿಗೆ ಓಡಬೇಕು?” ಎಂದು ಬುದ್ಧಿ ಹೇಳಿದ. ಧೋತರ ಮೇಲೆ ಕಟ್ಟಿ ತಾನೂ ಕೆಸರಿಗಿಳಿದ.

“ನೀವು ದುಡೀಬಾರ್ದ್ರಿ ಕಾಕಾ, ಚಂದ ಕಾಣಾಂಗಿಲ್ಲ,” ಎಂದು ಅಮೋಗಸಿದ್ಧ ಕೈ ಹಿಡಿದ.

“ಸರಿಯೋ ಆಕಡೆ!”

ಬಾಗಿಲ ಚೌಕಟ್ಟು ನಿಲ್ಲಿಸಿದ ದಿನ ಮಾತ್ರ ಅವನಿಗೆ ನಗು ಬಂತು. “ಸೋನಾಬಾಯಿ ನನ್ನ ಮೊಣಕೈಗೆ ಬರ್ತಾಳ. ಆಕಿಗೆ ಇಷ್ಟೆತ್ತರ ಬಾಗಲಾ? ಆನಿ, ಒಂಟಿ ಸಾಕತಾಳೇನು?”

ಅಮೋಗಸಿದ್ಧನಿಗೆ ಕೆಮ್ಮು ಬಂತು. “ಇರಲ್ರಿ. ಗಾಳಿ ಆಡತೈತಿ.”

ಮಾಳಿಗೆಯಲ್ಲಿ ಬೆಳಕಿಂಡಿಯನ್ನೂ ಬಿಟ್ಟರು. “ಮುದುಕಿಗೆ ಅದರ ರುಚಿ ಹತ್ತೇತಿ ನೋಡು,” ಎಂದು ಕಲ್ಲಣ್ಣ ಹೆಂಡತಿಗೆ ಹೇಳಿದ. ಆಕೆ ಮಜ್ಜಿಗೆ ಕಡೆಯುತ್ತ ತಲೆ ಎತ್ತಲಿಲ್ಲ.

ಪಡುವಣದಲ್ಲಿ ಮೋಡ ಕಟ್ಟಿದ ದಿನ ಮನೆ ಮುಗಿಯಿತು. ಬೆಳಿಗ್ಗೆ ಎಮ್ಮೆಗೆ ಮೇವು ಹಾಕಲು ಹೋದರೆ ಕೊಟ್ಟಿಗೆಯಲ್ಲಿ ಹೊರಸು ಇರಲಿಲ್ಲ. ಕಲ್ಲಣ್ಣನಿಗೆ ಹಿಗ್ಗು. ಗುರುಲಿಂಗಮ್ಮ ಆಗಲೇ ಅದನ್ನು ಪಡಸಾಲೆಗೆ ಸಾಗಿಸಿದ್ದಾಳೆ, ಭಾಳ ಶಾಣ್ಯಾಕೆ!

ಹೊಸ ಬಾಗಿಲ ಮುಂದೆ ಓಣಿಯೆಲ್ಲ ನೆರೆದಿತ್ತು. ತೆಂಗಿನಕಾಯಿಯನ್ನು ಕಲ್ಲಣ್ಣನ ಕೈಗೇ ಕೊಟ್ಟರು. ಹಿರಿಯನೆಂದು ಕೊಟ್ಟಿದ್ದಾರೆ ಅಂದುಕೊಂಡ. ಒಡೆದ. ಒಳಗೆ ಕಾಲಿಟ್ಟ. ತಲೆ ಬಗ್ಗಿಸುವ ಪ್ರಮೇಯವೇ ಬರಲಿಲ್ಲ.

ಬೆಳಕಿಂಡಿಯಿಂದ ಬಿದ್ದ ಬಿಸಿಲಿನಲ್ಲಿ ಒಂದು ಹೊರಸು. ಅವನದೇ. ಗೋಡೆಯಿಂದ ಗೋಡೆಗೆ ಒಬ್ಬನೇ ಕಾಲು ಚಾಚುವಷ್ಟು ಸರಿಯಾದ ಅಳತೆ. ಗೂಟಕ್ಕೆ ಅವನ ತಂಬಾಕಿನ ಚೀಲ ತೂಗುಹಾಕಿತ್ತು.

“ದಿನಾ ನಿದ್ದಿಲ್ಲ, ನಿದ್ದಿಲ್ಲ ಅಂತಿದ್ದಿ. ಕೇಳಿ ಕೇಳಿ ನಮ್ಮ ಹೊಟ್ಟಿ ಉರೀತಪಾ,” ಅಂದಳು ಸೋನಾಬಾಯಿ, ಕಣ್ಣೊರೆಸಿಕೊಳ್ಳುತ್ತ. “ಇನ್ನ ಆರಾಮ ಮಲಕೋ. ನಮ್ಮ ಕಾಳಜಿ ಬಿಡು. ನಾವೆಲ್ಲಾ ಹ್ಯಾಂಗರ ಮಾಡಿ ಆ ಹಳೀ ಮನ್ಯಾಗ ಹೊಂದಕೋತೀವಿ.”

ಕಲ್ಲಣ್ಣ ಹೆಂಡತಿಯ ಕಡೆ ತಿರುಗಿದ.

ಗುರುಲಿಂಗಮ್ಮ ಹೊಸ್ತಿಲ ಆಚೆಯೇ ನಿಂತು ಸೆರಗು ಸರಿಮಾಡಿಕೊಂಡಳು. “ಎರಡೂ ಹೊತ್ತು ರೊಟ್ಟಿ ನಾ ಅಲ್ಲಿಂದನ ಕಳಸ್ತೀನ್ರಿ.”